ಗಡಿಯಲ್ಲಿ ನಿಂತುಹೋಗುವ ದಾರಿಗಳು

ಎರಡು ಸಂಸ್ಥೆಗಳು ಒಂದಾದಾಗಲೋ, ಹಳೆಯ ಜಾಲಕ್ಕೆ ಹೊಸ ಶಾಖೆಯ ಜಾಲವನ್ನು ಸೇರಿಸಬೇಕಾಗಿ ಬಂದಾಗಲೋ, ಕಂಪ್ಯೂಟರ್ ಜಾಲಗಳ ನಿರ್ವಹಣೆಯನ್ನು ಹೊತ್ತ ಎಂಜಿನಿಯರುಗಳಿಗೆ ಒಂದು ವಿಲಕ್ಷಣ ಸಂದರ್ಭ ಎದುರಾಗುವುದುಂಟು. ತಂತಿಗಳು ಸರಿಯಾಗಿವೆ, ಯಂತ್ರಗಳು ಸುಸ್ಥಿತಿಯಲ್ಲಿವೆ, ಎರಡು ಜಾಲಗಳ ನಡುವೆ ನಿಂತ ರೌಟರಿಗೆ ಎರಡೂ ಕಡೆಯ ದಾರಿಗಳು ಚೆನ್ನಾಗಿ ಗೊತ್ತಿವೆ. ಆದರೂ ಅದು ತಾನು ಬಲ್ಲ ದಾರಿಗಳಲ್ಲಿ ಕೆಲವನ್ನು ಮಾತ್ರ ನೆರೆಯ ರೌಟರಿಗೆ ತಿಳಿಸಿ, ಉಳಿದವನ್ನು ತನ್ನಲ್ಲೇ ಇಟ್ಟುಕೊಂಡುಬಿಡುತ್ತದೆ. ದೋಷದ ಸೂಚನೆಯಿಲ್ಲ, ಎಚ್ಚರಿಕೆಯ ಮಾತಿಲ್ಲ. ಕಾರಣ ತಿಳಿಯದವರಿಗೆ ಈ ಮೌನವು ಯಂತ್ರದ ಕೆಡುಕಾಗಿ ಕಾಣುವುದು ಸಹಜ. ಬಲ್ಲವರಿಗಾದರೋ ಅದು ವಿವೇಕವೆಂದೇ ತೋರುವುದು. ನನ್ನ ಅಭಿಪ್ರಾಯವೂ ಅದೇ.

ರೌಟರೆಂಬುದು ತನ್ನ ಬಳಿಗೆ ಬಂದ ಪ್ರತಿಯೊಂದು ಪ್ಯಾಕೆಟ್ಟಿನ ಗಮ್ಯ ವಿಳಾಸವನ್ನು ನೋಡಿ, ತನ್ನಲ್ಲಿರುವ ಮಾರ್ಗಪಟ್ಟಿಯನ್ನು ಅನುಸರಿಸಿ, ಅದನ್ನು ಮುಂದಕ್ಕೆ ದಾಟಿಸತಕ್ಕ ಯಂತ್ರ. ಈ ಪಟ್ಟಿಯನ್ನು ತುಂಬಿಕೊಳ್ಳಲು ರೌಟರುಗಳು ಪರಸ್ಪರ ಸಮಾಚಾರವನ್ನು ಹಂಚಿಕೊಳ್ಳುವ ನಿಯಮಗಳಿಗೆ ರೌಟಿಂಗ್ ಪ್ರೋಟೊಕಾಲುಗಳೆಂದು ಹೆಸರು. ಒಂದು ಪ್ರೋಟೊಕಾಲಿನ ಮೂಲಕ ತಿಳಿದ ದಾರಿಯನ್ನು ಮತ್ತೊಂದರ ಮೂಲಕ ಸಾರುವ ಕ್ರಿಯೆಯೇ ರೀಡಿಸ್ಟ್ರಿಬ್ಯೂಷನ್. ಎರಡು ಪ್ರೋಟೊಕಾಲುಗಳೂ ಒಂದೇ ಬಗೆಯ ಸಮಾಚಾರವನ್ನು ಒಯ್ಯುವಂತಿದ್ದರೆ ಈ ಕ್ರಿಯೆಯಲ್ಲಿ ಹೇಳತಕ್ಕಂಥ ಕಷ್ಟವಿರುತ್ತಿರಲಿಲ್ಲ. ಕಷ್ಟ ಹುಟ್ಟುವುದು, ಒಂದರಲ್ಲಿ ಇರುವ ಸಂಗತಿಗೆ ಇನ್ನೊಂದರಲ್ಲಿ ಸ್ಥಳವೇ ಇಲ್ಲದಿರುವಾಗ.

ಆ ಸಂಗತಿ ಸಬ್‌ನೆಟ್ ಮಾಸ್ಕ್. ಇಂಟರ್ನೆಟ್ಟಿನ ನಿಯಮಗಳನ್ನು ದಾಖಲಿಸುವ ಆರ್‌ಎಫ್‌ಸಿ ಎಂಬ ಪತ್ರಗಳ ಪೈಕಿ 1981ರ ಸೆಪ್ಟೆಂಬರಿನಲ್ಲಿ ಪ್ರಕಟವಾದ ಆರ್‌ಎಫ್‌ಸಿ 791ರ ಪ್ರಕಾರ ಇಂಟರ್ನೆಟ್ಟಿನ ವಿಳಾಸವು 32 ಬಿಟ್ಟುಗಳದು; ಅದರಲ್ಲಿ ಎಷ್ಟು ಭಾಗ ಜಾಲದ ಹೆಸರು, ಎಷ್ಟು ಭಾಗ ಆ ಜಾಲದೊಳಗಿನ ಯಂತ್ರದ ಹೆಸರು ಎಂಬುದು ಎ, ಬಿ, ಸಿ ಎಂಬ ವರ್ಗಗಳಿಂದಲೇ ನಿಶ್ಚಯವಾಗುತ್ತಿತ್ತು. 1985ರಲ್ಲಿ ಜೆಫ್ರಿ ಮೊಗಲ್ ಮತ್ತು ಜಾನ್ ಪೋಸ್ಟಲ್ ಬರೆದ ಆರ್‌ಎಫ್‌ಸಿ 950, ಒಂದು ದೊಡ್ಡ ಜಾಲವನ್ನು ಒಡೆದು ಸಣ್ಣ ಸಣ್ಣ ಸಬ್‌ನೆಟ್ಟುಗಳನ್ನು ಮಾಡಿಕೊಳ್ಳುವ ವಿಧಾನವನ್ನು ನಿರೂಪಿಸಿತು. ಎಲ್ಲಿಯವರೆಗೆ ಒಡೆದಿದೆ ಎಂಬುದನ್ನು ತೋರಿಸುವ ಗುರುತೇ ಮಾಸ್ಕ್. 255.255.255.0 ಎಂಬ ಮಾಸ್ಕಿನ ತುಂಡಿನಲ್ಲಿ 254 ಯಂತ್ರಗಳಿಗೆ ವಿಳಾಸ ದೊರೆಯುತ್ತದೆ, 255.255.255.192ರಲ್ಲಿ 62ಕ್ಕೆ, ಎರಡು ರೌಟರುಗಳ ನಡುವಣ ಒಂಟಿ ತಂತಿಗೆ ಹೊಂದುವ 255.255.255.252ರಲ್ಲಿ ಎರಡಕ್ಕೆ ಮಾತ್ರ.

ನಮ್ಮ ಭೂದಾಖಲೆಗಳನ್ನು ನೋಡಿದವರಿಗೆ ಇದು ಸುಲಭವಾಗಿ ಅರ್ಥವಾದೀತು. ಒಂದು ಸರ್ವೆ ನಂಬರಿನ ಜಮೀನು ಅಣ್ಣತಮ್ಮಂದಿರಲ್ಲಿ ಪಾಲಾಗಿ, ಒಬ್ಬೊಬ್ಬರದಕ್ಕೂ ಒಂದೊಂದು ಹಿಸ್ಸಾ ನಂಬರು ಬಿದ್ದಿರುವಾಗ, ಒಬ್ಬ ಲೆಕ್ಕಿಗನು ಹಿಸ್ಸಾ ಸಮೇತ ಬರೆಯುವವನೂ ಇನ್ನೊಬ್ಬನು ಸರ್ವೆ ನಂಬರನ್ನಷ್ಟೇ ಬರೆಯುವವನೂ ಆದರೆ, ಮೊದಲನೆಯವನ ಪುಸ್ತಕದಿಂದ ಎರಡನೆಯವನ ಪುಸ್ತಕಕ್ಕೆ ನಕಲಾಗುವ ಹೊತ್ತಿಗೆ ಕಾಲು ಎಕರೆಯವನು ಇಡೀ ಹೊಲದ ಒಡೆಯನಾಗಿಬಿಡುವ ಅಪಾಯವಿದೆಯಷ್ಟೆ.

ರಿಪ್ ಎಂದು ಪ್ರಸಿದ್ಧವಾದ ಪ್ರೋಟೊಕಾಲು ಈ ಎರಡನೆಯ ಲೆಕ್ಕಿಗನಂಥದು. ಬರ್ಕ್ಲಿಯ ಯುನಿಕ್ಸ್ ಯಂತ್ರಗಳಲ್ಲಿ ಅದಾಗಲೇ ಬಳಕೆಯಲ್ಲಿದ್ದ ಪದ್ಧತಿಯನ್ನು 1988ರ ಜೂನಿನಲ್ಲಿ ರಟ್‌ಗರ್ಸ್ ವಿಶ್ವವಿದ್ಯಾಲಯದ ಚಾರ್ಲ್ಸ್ ಹೆಡ್ರಿಕ್ ಅವರು ಆರ್‌ಎಫ್‌ಸಿ 1058ರಲ್ಲಿ ಕ್ರಮವಾಗಿ ಬರೆದಿಟ್ಟರು. ಪ್ರತಿ 30 ಸೆಕೆಂಡಿಗೊಮ್ಮೆ ರೌಟರು ತನ್ನ ಪಟ್ಟಿಯನ್ನು ನೆರೆಯವರಿಗೆ ಸಾರುತ್ತದೆ. ಅದರ ಒಂದೊಂದು ನಮೂದೂ 20 ಬೈಟುಗಳದು. ಆ ಇಪ್ಪತ್ತರಲ್ಲಿ ವಿಳಾಸವಿದೆ, ದೂರವಿದೆ, ಮಾಸ್ಕ್ ಇಲ್ಲ. ಕೇಳುವ ರೌಟರು ವಿಳಾಸದ ಜಾಲಕ್ಕೇ ತಾನೂ ಸೇರಿದುದಾದರೆ, ತನ್ನ ಇಂಟರ್‌ಫೇಸಿನ ಮಾಸ್ಕೇ ಅದಕ್ಕೂ ಸಲ್ಲುವುದೆಂದು ಊಹಿಸಿಕೊಳ್ಳುತ್ತದೆ. ಇಡೀ ಜಾಲದಲ್ಲಿ ಒಂದೇ ಅಳತೆಯ ತುಂಡುಗಳಿದ್ದ ಕಾಲಕ್ಕೆ ಆ ಊಹೆ ಸಾಧುವಾಗಿಯೇ ಇತ್ತು. ಜಾನ್ ಮಾಯ್ ಅವರು ರೂಪಿಸಿ 1989ರಲ್ಲಿ ಪ್ರಕಟಿಸಿದ ಓಎಸ್‌ಪಿಎಫ್ ಎಂಬ ಪ್ರೋಟೊಕಾಲಾದರೋ ಪ್ರತಿಯೊಂದು ದಾರಿಯ ಜೊತೆಗೂ ಅದರ ಮಾಸ್ಕನ್ನು ಒಯ್ಯುತ್ತದೆ; ಅಲ್ಲಿ ಅವಶ್ಯಕತೆಗೆ ತಕ್ಕಂತೆ ಹಿರಿದು ಕಿರಿದು ತುಂಡುಗಳು ನಿರ್ಬಾಧವಾಗಿ ಇರಬಹುದು.

ಈಗ ಈ ಎರಡೂ 172.16.0.0 ಎಂಬ ಒಂದೇ ಜಾಲದಲ್ಲಿ ಕೂಡಿದುವೆನ್ನೋಣ. ರಿಪ್ ಇರುವ ಕಡೆಯಲ್ಲೆಲ್ಲ ಮಾಸ್ಕ್ 255.255.255.0. ಓಎಸ್‌ಪಿಎಫ್ ಕಡೆಯಲ್ಲಿ ಅದೇ ಮಾಸ್ಕಿನ 172.16.10.0 ಇದೆ; 62 ಯಂತ್ರಗಳ ಅಳತೆಯ 172.16.20.0 ಮತ್ತು 172.16.20.64 ಇವೆ. ಗಡಿಯ ರೌಟರು ಮೊದಲನೆಯದನ್ನು ರಿಪ್ಪಿಗೆ ಸಾರುತ್ತದೆ, ಉಳಿದೆರಡನ್ನು ಸಾರುವುದಿಲ್ಲ. ಒಂದು ವೇಳೆ ಸಾರಿದ್ದರೆ ಆಗುತ್ತಿದ್ದುದೇನು? 172.16.20.0 ಎಂಬುದನ್ನು ಕೇಳಿದ ರೌಟರು ಅದನ್ನು 254 ಯಂತ್ರಗಳ ಇಡೀ ತುಂಡೆಂದು ಬರೆದುಕೊಳ್ಳುತ್ತಿತ್ತು, 172.16.20.64ನ್ನು, ಅದರ ಕೊನೆಯ ಭಾಗ ಸೊನ್ನೆಯಲ್ಲವಾದುದರಿಂದ, ಯಾವುದೋ ಒಂದೇ ಯಂತ್ರದ ವಿಳಾಸವೆಂದು ತಿಳಿಯುತ್ತಿತ್ತು. ಒಂದು ಕಡೆ ಅತಿವ್ಯಾಪ್ತಿ, ಇನ್ನೊಂದು ಕಡೆ ಅವ್ಯಾಪ್ತಿ. ಕೇಳುವವನು ತಪ್ಪಾಗಿ ತಿಳಿಯುವುದು ನಿಶ್ಚಯವಾಗಿರುವಲ್ಲಿ ಹೇಳದಿರುವುದೇ ಮೇಲೆಂಬ ನಿಯಮವನ್ನು ರೌಟರಿಗೆ ವಿಧಿಸಿದವರು ಸರಿಯಾದುದನ್ನೇ ಮಾಡಿದ್ದಾರೆ.

ಹಾಗಾದರೆ ಉಪಾಯವೇನು? ಕೇಳುವವನಿಗೆ ಅರ್ಥವಾಗುವ ಅಳತೆಯಲ್ಲಿ, ನಿಜಕ್ಕೆ ಭಂಗ ಬಾರದಂತೆ, ಸಂಗ್ರಹಿಸಿ ಹೇಳುವುದು. ಸಿಸ್ಕೊ ರೌಟರುಗಳಲ್ಲಿ ಬಹುಕಾಲದಿಂದ ರೂಢಿಯಲ್ಲಿರುವ ಕ್ರಮ ಇದು: 172.16.20.0ಕ್ಕೆ 255.255.255.0 ಮಾಸ್ಕಿನೊಡನೆ ಒಂದು ಸ್ಟ್ಯಾಟಿಕ್ ದಾರಿಯನ್ನು, ಎಂದರೆ ಕೈಯಿಂದಲೇ ನಮೂದಿಸುವ ದಾರಿಯನ್ನು, ಬರೆದು, ಅದರ ಗಮ್ಯವನ್ನು ನಲ್ ಸೊನ್ನೆ ಎಂಬ, ಬಂದುದನ್ನೆಲ್ಲ ಬಿಸುಟುಬಿಡುವ ಶೂನ್ಯ ಇಂಟರ್‌ಫೇಸಿಗೆ ಕಟ್ಟಿ, ಆ ದಾರಿಯನ್ನು ರಿಪ್ಪಿಗೆ ಸಾರಿಸುವುದು. ಶೂನ್ಯಕ್ಕೆ ಕಟ್ಟಿದ ದಾರಿ ಪ್ಯಾಕೆಟ್ಟುಗಳನ್ನು ನುಂಗಿಬಿಡದೆ ಎಂಬ ಸಂಶಯ ಬರಬಹುದು. ರೌಟರು ಯಾವಾಗಲೂ ಅತ್ಯಂತ ನಿರ್ದಿಷ್ಟವಾದ ನಮೂದನ್ನೇ ಆರಿಸಿಕೊಳ್ಳುತ್ತದೆ. ಆದುದರಿಂದ ನಿಜವಾಗಿ ಇರುವ ತುಂಡುಗಳಿಗೆ ಹೊರಟ ಪ್ಯಾಕೆಟ್ಟು ಓಎಸ್‌ಪಿಎಫ್ ತಿಳಿಸಿದ ದಾರಿಯನ್ನೇ ಹಿಡಿಯುತ್ತದೆ, ಇಲ್ಲದ ವಿಳಾಸಕ್ಕೆ ಹೊರಟದ್ದು ಮಾತ್ರ ಶೂನ್ಯದಲ್ಲಿ ಲಯವಾಗುತ್ತದೆ. ಇಷ್ಟು ಸರಳವೂ ಇಷ್ಟು ನಿರ್ದುಷ್ಟವೂ ಆದ ಯುಕ್ತಿಗಳು ಈ ವಿದ್ಯೆಯಲ್ಲಿ ಹೆಚ್ಚಿಲ್ಲ.

ದೊಡ್ಡ ತುಂಡುಗಳಿಗೂ ಇದೇ ನ್ಯಾಯ, ಶ್ರಮ ಮಾತ್ರ ಅಧಿಕ. 255.255.240.0 ಮಾಸ್ಕಿನ 172.16.32.0 ಎಂಬುದನ್ನು ರಿಪ್ಪಿಗೆ ತಿಳಿಸಬೇಕಾದರೆ ಅದನ್ನು 16 ನಮೂದುಗಳಾಗಿ ಒಡೆದು ಹೇಳಬೇಕು. ಇದರ ಬದಲು, ಪಟ್ಟಿಯಲ್ಲಿಲ್ಲದ ಗಮ್ಯಗಳಿಗೆಲ್ಲ ಸಲ್ಲುವ ಡಿಫಾಲ್ಟ್ ದಾರಿಯೊಂದನ್ನು ಸಾರಿದರಾಯಿತೆಂದು ಹೊರಡುವವರು ಒಂದನ್ನು ಗಮನಿಸಬೇಕು: ಹಳೆಯ ವರ್ಗಪದ್ಧತಿಯಂತೆ ಪಟ್ಟಿಯನ್ನು ಹುಡುಕುವ ರೌಟರು, ಒಂದು ಜಾಲದ ಕೆಲವು ತುಂಡುಗಳನ್ನು ಬಲ್ಲುದಾದರೆ, ತಾನರಿಯದ ಇತರ ತುಂಡುಗಳಿಗೆ ಹೊರಟ ಪ್ಯಾಕೆಟ್ಟುಗಳನ್ನು ಡಿಫಾಲ್ಟ್ ದಾರಿ ಇದ್ದರೂ ಬಿಸುಡುತ್ತದೆ, ಅಂಥಲ್ಲಿ ಐಪಿ ಕ್ಲಾಸ್‌ಲೆಸ್ ಎಂಬ ಆದೇಶ ಅಗತ್ಯ. ಓಎಸ್‌ಪಿಎಫ್ ಹೇಳುವ ವೆಚ್ಚವನ್ನು ರಿಪ್ಪಿನ ದೂರಕ್ಕೆ ಪರಿವರ್ತಿಸುವ ಸೂತ್ರವಿಲ್ಲವಾದುದರಿಂದ ಆ ಸಂಖ್ಯೆಯನ್ನೂ ಎಂಜಿನಿಯರೇ ಕೊಡಬೇಕು. ಕೊಡದಿದ್ದರೆ ದೂರ 16, ಅಂದರೆ ಅನಂತವೆಂದು ಎಣಿಸಲ್ಪಟ್ಟು ದಾರಿ ಗಡಿಯನ್ನೇ ದಾಟದು.

ರಿಪ್ಪಿನಿಂದ ಓಎಸ್‌ಪಿಎಫ್ ಕಡೆಗೆ ಬರುವಾಗ ತೊಡಕು ಕಡಿಮೆ, ಏಕೆಂದರೆ ಕೇಳುವವನ ಸಾಮರ್ಥ್ಯವೇ ಅಲ್ಲಿ ಹೆಚ್ಚು. ಆದರೂ ಸಿಸ್ಕೊ ಯಂತ್ರಗಳಲ್ಲಿ ಬಹುಕಾಲ ರೀಡಿಸ್ಟ್ರಿಬ್ಯೂಷನ್ ಆದೇಶದ ಕೊನೆಗೆ ಸಬ್‌ನೆಟ್ಸ್ ಎಂಬ ಒಂದು ಪದವನ್ನು ಸೇರಿಸದಿದ್ದರೆ, ಒಡೆಯದ ಇಡಿಯ ಜಾಲಗಳು ಮಾತ್ರ ದಾಟಿ, ತುಂಡುಗಳೆಲ್ಲ ಹಿಂದೆಯೇ ಉಳಿಯುತ್ತಿದ್ದುವು.

ಇವೆಲ್ಲ ಚಿಕಿತ್ಸೆಗಳು. ರೋಗದ ಮೂಲವನ್ನೇ ಕಳೆಯುವ ಕೆಲಸವನ್ನು ಗ್ಯಾರಿ ಮಾಲ್ಕಿನ್ ಅವರು 1993ರ ಜನವರಿಯ ಆರ್‌ಎಫ್‌ಸಿ 1388ರಲ್ಲಿ, ರಿಪ್ಪಿನ ಎರಡನೆಯ ಆವೃತ್ತಿಯ ಮೂಲಕ, ಮಾಡಿದರು. ಮೊದಲನೆಯ ಆವೃತ್ತಿಯ ಆ 20 ಬೈಟುಗಳಲ್ಲಿ ಸೊನ್ನೆಯಾಗಿಯೇ ಇರತಕ್ಕದ್ದೆಂದು ಬರಿದಾಗಿ ಬಿಟ್ಟ ಸ್ಥಳಗಳಿದ್ದುವು. ನಮೂದಿನ ಅಳತೆಯನ್ನು ಒಂದು ಬೈಟಿನಷ್ಟೂ ಹಿಗ್ಗಿಸದೆ, ಅಂಥದೊಂದು ಸ್ಥಳದಲ್ಲಿ ಮಾಸ್ಕನ್ನು ಕೂರಿಸಲಾಯಿತು. ಹಿಂದಿನವರು ಬಿಟ್ಟ ಬರಿದಿಗೆ ಇದಕ್ಕಿಂತ ಒಳ್ಳೆಯ ಉಪಯೋಗ ದೊರೆಯುತ್ತಿರಲಿಲ್ಲ. 1996ರ ಮಾರ್ಚಿನಲ್ಲಿ ಬಂದ ಆರ್‌ಎಫ್‌ಸಿ 1923, ಮೊದಲನೆಯ ರಿಪ್ಪನ್ನು ಐತಿಹಾಸಿಕ ವರ್ಗಕ್ಕೆ ಸೇರಿಸಬೇಕೆಂದು ವಾದಿಸಿತು.

ಆದ್ದರಿಂದ ಇಂಥ ಗಡಿಯೊಂದನ್ನು ಕಾಯುವ ಎಂಜಿನಿಯರುಗಳಲ್ಲಿ ನನ್ನ ವಿನಂತಿ ಇಷ್ಟು. ಹಳೆಯ ರಿಪ್ಪನ್ನು ತೆಗೆಯಲು ಸಾಧ್ಯವಿದ್ದರೆ ತೆಗೆದುಬಿಡಿ. ಸಾಧ್ಯವಿಲ್ಲದಿದ್ದರೆ ವಿಳಾಸಗಳನ್ನು ಹಂಚುವಾಗಲೇ ರಿಪ್ಪಿನ ಅಳತೆಯ ಒಂದೊಂದು ತುಂಡಿನ ಚೂರುಗಳೆಲ್ಲ ಗಡಿಯ ಒಂದೇ ಪಕ್ಕದಲ್ಲಿ ಉಳಿಯುವಂತೆ ಏರ್ಪಡಿಸಿ. ಸಾರಿದ ಮೇಲೆ, ಸಾರಿದ ರೌಟರಿನ ಪಟ್ಟಿಯನ್ನು ನೋಡಿ ತೃಪ್ತರಾಗದೆ, ಕೇಳಿದ ರೌಟರಿನ ಪಟ್ಟಿಯನ್ನು ತೆರೆದು ಅಲ್ಲಿ ಬರೆದಿರುವ ಮಾಸ್ಕನ್ನು ಓದಿ.