ಕರಾರಿನ ಆಯುಸ್ಸು, ಫೋನಿನ ಆಯುಸ್ಸು

ಕಾಗದ ಬರೆಯುವ ಪದ್ಧತಿಯಿದ್ದ ಕಾಲದಲ್ಲಿ ‘ನಿಮ್ಮ ಯೋಗಕ್ಷೇಮಕ್ಕೆ ಬರೆಯುತ್ತಿರಬೇಕು’ ಎಂಬ ಮಾತು ಪ್ರತಿ ಕಾಗದದ ಕೊನೆಯಲ್ಲಿಯೂ ಇರುತ್ತಿದ್ದಿತು. ಬರೆಯುವವರೂ ಓದುವವರೂ ಅದನ್ನು ಒಂದೇ ಮಾತೆಂದು ಭಾವಿಸಿದ್ದರು. ಅದು ವಾಸ್ತವವಾಗಿ ಎರಡು. ಇಲ್ಲದುದನ್ನು ಪಡೆಯುವುದು ಯೋಗ. ಪಡೆದುದನ್ನು ಕಾಪಾಡಿಕೊಳ್ಳುವುದು ಕ್ಷೇಮ. ಸ್ಮಾರ್ಟ್‌ಫೋನಿನ ಅಂಗಡಿಯಲ್ಲಿ ಕೇಳಬರುವುದೆಲ್ಲವೂ ಯೋಗದ ಮಾತು: ಕ್ಯಾಮೆರಾ ಎಂತಹದು, ಪರದೆ ಎಷ್ಟು ದೊಡ್ಡದು, ಇಂದೇ ಕೊಂಡರೆ ರಿಯಾಯಿತಿ ಎಷ್ಟು. ಇದು ಎಷ್ಟು ಕಾಲ ಬಾಳೀತು ಎಂಬ ಕ್ಷೇಮದ ಮಾತನ್ನು ಕೊಳ್ಳುವವರೇ ಎತ್ತಬೇಕು. ಎರಡು ವರ್ಷದ ಕರಾರಿಗೆ ರುಜು ಹಾಕಿ ಫೋನನ್ನು ಮನೆಗೆ ತರತಕ್ಕವರಿಗಂತೂ ಇದಕ್ಕಿಂತ ಮುಖ್ಯವಾದ ಪ್ರಶ್ನೆ ಬೇರೊಂದಿಲ್ಲ.

ಇಂತಹ ಕರಾರು ನಮ್ಮ ದೇಶದಲ್ಲಿ ಹೆಚ್ಚಾಗಿ ರೂಢಿಯಲ್ಲಿಲ್ಲ. ನಮ್ಮಲ್ಲಿ ಬಹುಮಂದಿ ಫೋನನ್ನು ಬೇರೆಯಾಗಿ ಕೊಂಡು, ಸಿಮ್ಮಿಗೆ ಆಗಾಗ ರೀಚಾರ್ಜು ಮಾಡಿಸಿಕೊಳ್ಳುವರು. ಇಂಗ್ಲೆಂಡು ಅಮೆರಿಕಗಳಲ್ಲಿಯಾದರೋ ಟೆಲಿಫೋನು ಕಂಪೆನಿಯೇ ಫೋನನ್ನು ಕೊಟ್ಟು, ಅದರ ಬೆಲೆಯನ್ನೂ ಸೇವೆಯ ಶುಲ್ಕವನ್ನೂ ತಿಂಗಳು ತಿಂಗಳಿಗೆ ವಸೂಲು ಮಾಡುವ ಪದ್ಧತಿ ಬೇರೂರಿದೆ. ಆಪಲ್ ಕಂಪೆನಿಯ ಐಫೋನು 2007ನೆಯ ಇಸವಿ ಜೂನಿನಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದಾಗ ಎರಡು ವರ್ಷದ ಕರಾರಿನೊಡನೆಯೇ ಬಂದಿತು. ಮರುವರ್ಷ ಬಂದ ಐಫೋನಿಗೆ 199 ಡಾಲರೆಂದು ಸಾರಿದ ಬೆಲೆಯೂ ಕರಾರಿಗೆ ಒಪ್ಪಿದವರಿಗೆ ಮಾತ್ರ. ಉಳಿದ ಬೆಲೆ ಎಲ್ಲಿಗೆ ಹೋಯಿತು? ಎಲ್ಲಿಗೂ ಹೋಗಲಿಲ್ಲ, ತಿಂಗಳ ಬಿಲ್ಲಿನೊಳಗೆ ಅಡಗಿ ಕುಳಿತಿತು. 2013ರಿಂದೀಚೆಗೆ ಫೋನಿನ ಕಂತು ಬೇರೆ, ಸೇವೆಯ ಶುಲ್ಕ ಬೇರೆ ಎಂದು ವಿಂಗಡಿಸಿ ತೋರಿಸುವ ಪದ್ಧತಿ ಎರಡು ದೇಶಗಳಲ್ಲಿಯೂ ಹರಡಿದೆ. ಆದರೂ ಎರಡು ವರ್ಷ, ಕೆಲವೆಡೆ ಮೂರು ವರ್ಷ, ಗಿರಾಕಿ ಕಟ್ಟುಬಿದ್ದಿರುವುದು ತಪ್ಪಿಲ್ಲ.

ಇದು ನಮಗೇಕೆ ಎಂದು ವಾಚಕರು ಕೇಳಬಹುದು. ನಮ್ಮ ಊರುಗಳಿಂದ ಈಗ ಎಷ್ಟು ಮಂದಿ ಮಕ್ಕಳು ಇಂಗ್ಲೆಂಡಿಗೆ ಓದಲು ಹೋಗುತ್ತಿರುವರೆಂಬುದನ್ನು ಅವರು ತಮ್ಮ ಬೀದಿಯಲ್ಲಿಯೇ ಎಣಿಸಿ ನೋಡಲಿ. ಆ ಮಕ್ಕಳು ಪರದೇಶದಲ್ಲಿ ತಮ್ಮ ಹೆಸರಿನಲ್ಲಿ ರುಜು ಹಾಕುವ ಮೊದಲ ಕಾಗದಗಳಲ್ಲಿ ಮನೆಯ ಬಾಡಿಗೆಯದು ಒಂದು, ಫೋನಿನದು ಇನ್ನೊಂದು. ನಮ್ಮಲ್ಲಿ ಓದಿದ ಹುಡುಗಿಯೊಬ್ಬಳು ಒಂದು ವರ್ಷದ ಎಂ.ಎಸ್ಸಿ. ವ್ಯಾಸಂಗಕ್ಕೆಂದು ಸೆಪ್ಟೆಂಬರಿನಲ್ಲಿ ಅಲ್ಲಿಗೆ ಹೋದಳು. ಬ್ಯಾಂಕಿನ ಖಾತೆ ತೆರೆದು ಡಿಸೆಂಬರಿನಲ್ಲಿ ಕರಾರಿನ ಮೇಲೆ ಒಳ್ಳೆಯ ಫೋನೊಂದನ್ನು ತೆಗೆದುಕೊಂಡಳು. ತಿಂಗಳಿಗೆ 38 ಪೌಂಡು; ಮುಂಗಡವೇನೂ ಇಲ್ಲ. ಮುಂದಿನ ನವೆಂಬರಿನಲ್ಲಿ ಕೆಲಸ ದೊರೆಯದೆ ಊರಿಗೆ ಹಿಂದಿರುಗುವಾಗ ತಿಳಿದುಬಂದದ್ದೇನೆಂದರೆ, ಕರಾರು 24 ತಿಂಗಳಿನದು. ಕಟ್ಟಿದ ಕಂತು 11. ಉಳಿದದ್ದು 13, ಎಂದರೆ 494 ಪೌಂಡು. ಹಾಸನದಲ್ಲಿರುವ ಆಕೆಯ ತಂದೆಯವರು ನಮ್ಮೊಡನೆ, “ಮೇಷ್ಟ್ರೇ, ಫೋನು ಅವಳ ಕೈಯಲ್ಲಿದೆ, ಕಂತು ನನ್ನ ತಲೆಯ ಮೇಲಿದೆ” ಎಂದರು. ನಗುತ್ತಲೇ ಅಂದರು, ಆದರೆ ಆ ನಗುವಿನಲ್ಲಿ ಸಂತೋಷವಿರಲಿಲ್ಲ. ಕಂತನ್ನು ಕಟ್ಟದೆ ಬಿಟ್ಟುಬಿಡಬಹುದಾಗಿತ್ತಲ್ಲ ಎಂದು ಕೆಲವರು ಆಡಿಕೊಂಡರು. ಕೂಡದು. ಬಾಕಿ ನಿಂತ ಸಾಲ ಅಲ್ಲಿನ ಸಾಲದ ದಾಖಲೆಯಲ್ಲಿ ಆರು ವರ್ಷ ಉಳಿಯುವುದು. ಮತ್ತೆ ಆ ದೇಶಕ್ಕೆ ಕೆಲಸಕ್ಕೆ ಹೋದವರಿಗೆ ಮನೆಯ ಬಾಡಿಗೆಗೂ ಬ್ಯಾಂಕಿನ ಸಾಲಕ್ಕೂ ಅದು ಅಡ್ಡಿಯಾಗಬಲ್ಲುದು.

ಆದುದರಿಂದ ಫೋನು ಯಾವುದೆಂದು ನೋಡುವುದಕ್ಕೆ ಮೊದಲೇ ತಾವು ಆ ದೇಶದಲ್ಲಿ ಎಷ್ಟು ತಿಂಗಳು ಇರುವುದು ನಿಶ್ಚಯವೆಂಬುದನ್ನು ಎಣಿಸಿಕೊಳ್ಳತಕ್ಕದ್ದು. ವ್ಯಾಸಂಗ ಒಂದು ವರ್ಷದ್ದಾದರೆ ಎರಡು ವರ್ಷದ ಕರಾರು ಬೇಡವೇ ಬೇಡ. ಅಲ್ಲಿ ಫೋನಿಲ್ಲದೆ ಸಿಮ್ಮೊಂದನ್ನೇ ತಿಂಗಳು ತಿಂಗಳಿನ ಲೆಕ್ಕದಲ್ಲಿ ಕೊಡುವ ಏರ್ಪಾಡೂ ಉಂಟು, ಬೇಡವಾದಾಗ ನಿಲ್ಲಿಸಬಹುದು.

ಉಳಿಯುವುದು ನಿಶ್ಚಯವಾಗಿದ್ದವರಿಗೆ ಕರಾರು ಅನುಕೂಲವೇ ಆಗಬಹುದು. ಅವರು ಒಂದು ಕೂಡುವ ಲೆಕ್ಕವನ್ನು ಮಾತ್ರ ಮಾಡಬೇಕು. ಉದಾಹರಣೆಗೆ, ತಿಂಗಳಿಗೆ 40 ಪೌಂಡಿನಂತೆ 24 ತಿಂಗಳಿಗೆ 960 ಪೌಂಡಾಗುವುದೆಂದು ಭಾವಿಸೋಣ. ಅದೇ ಫೋನು ಅಂಗಡಿಯಲ್ಲಿ ರೊಕ್ಕಕ್ಕೆ 550 ಪೌಂಡಿಗೆ ದೊರೆತು, ಸಿಮ್ಮಿಗೆ ತಿಂಗಳಿಗೆ 8 ಪೌಂಡಾದರೆ, ಒಟ್ಟು 742. ವ್ಯತ್ಯಾಸ 218 ಪೌಂಡು. ನಾಲ್ಕನೆಯ ತರಗತಿಯ ಮಕ್ಕಳು ಮಾಡುವ ಲೆಕ್ಕವಿದು. ದೊಡ್ಡವರು ಮಾಡುವುದಿಲ್ಲವೆಂಬುದೇ ಆಶ್ಚರ್ಯ. ತಿಂಗಳ ಮೊತ್ತ ಕಣ್ಣಿಗೆ ಚಿಕ್ಕದಾಗಿ ಕಾಣುವುದರಿಂದ ಹೀಗಾಗುತ್ತದೆಂದು ತೋರುತ್ತದೆ. ಹಿಂದೆ ಇದರ ಮೇಲೆ ಪ್ರತಿ ವರ್ಷವೂ ಹಣದುಬ್ಬರಕ್ಕೆ ತಕ್ಕಂತೆ ಶುಲ್ಕವನ್ನು ಏರಿಸುತ್ತಿದ್ದರು. ಎಷ್ಟು ಏರೀತೆಂದು ರುಜು ಹಾಕುವಾಗ ಯಾರಿಗೂ ತಿಳಿಯುತ್ತಿರಲಿಲ್ಲ. ಅಲ್ಲಿನ ನಿಯಂತ್ರಣ ಸಂಸ್ಥೆಯಾದ ಆಫ್‌ಕಾಮ್ 2025ನೆಯ ಇಸವಿ ಜನವರಿ 17ರಿಂದ ಹೊಸ ಕರಾರುಗಳಲ್ಲಿ ಅದನ್ನು ನಿಷೇಧಿಸಿತು. ಏರಿಕೆಯಿದ್ದರೆ ಇಷ್ಟು ಪೌಂಡು ಇಷ್ಟು ಪೆನ್ಸೆಂದು ಮೊದಲೇ ಬರೆದು ತೋರಿಸತಕ್ಕದ್ದು. ಆ ಸಾಲನ್ನು ಕರಾರುಪತ್ರದಲ್ಲಿ ಹುಡುಕಿ ಓದಿರಿ. ಅಂತರಜಾಲದ ಮೂಲಕ ಕೊಂಡವರಿಗೆ 14 ದಿನಗಳೊಳಗೆ ಮನಸ್ಸು ಬದಲಾಯಿಸುವ ಹಕ್ಕುಂಟು. ಅಂಗಡಿಗೆ ಹೋಗಿ ಕೊಂಡವರಿಗೆ ಬರಿಯ ಮನಸ್ಸು ಬದಲಾದುದಕ್ಕೆ ಫೋನನ್ನು ಹಿಂದಿರುಗಿಸುವ ಹಕ್ಕು ಕಾನೂನಿನಲ್ಲಿಲ್ಲ.

ಅವಧಿ ಮುಗಿದ ಮೇಲಿನ ಮೋಸವೊಂದುಂಟು. ಮೋಸವೆನ್ನುವುದು ಕಠಿನವಾದರೆ ಮರೆವೆನ್ನೋಣ. ಫೋನಿನ ಬೆಲೆಯೂ ಸೇವೆಯ ಶುಲ್ಕವೂ ಒಂದೇ ಮೊತ್ತದಲ್ಲಿ ಸೇರಿದ ಕರಾರಿನಲ್ಲಿ, 24 ತಿಂಗಳು ಕಳೆದು ಫೋನಿನ ಬೆಲೆ ಪೂರ್ತಿ ತೀರಿದ್ದರೂ ಗಿರಾಕಿ ಸುಮ್ಮನಿದ್ದರೆ ಅದೇ ಮೊತ್ತ ಮುಂದುವರಿಯಬಹುದು. 2020ರಿಂದ ಕಂಪೆನಿಯವರು ಅವಧಿ ಮುಗಿಯುವ ಮೊದಲು ತಿಳುವಳಿಕೆಯ ಪತ್ರ ಕಳುಹಿಸಬೇಕೆಂಬ ನಿಯಮವಿದೆ. ಅದು ಬಂದ ದಿನವೇ ಸಿಮ್ ಮಾತ್ರದ ಅಗ್ಗದ ಕರಾರಿಗೆ ಬದಲಾಯಿಸಿಕೊಳ್ಳತಕ್ಕದ್ದು. ನಂಬರನ್ನು ಬೇರೆ ಕಂಪೆನಿಗೆ ಒಯ್ಯಬೇಕಾದರೆ 65075 ಎಂಬ ಸಂಖ್ಯೆಗೆ ‘ಪಿ.ಎ.ಸಿ.’ ಎಂಬ ಮೂರು ಇಂಗ್ಲಿಷ್ ಅಕ್ಷರಗಳ ಸಂದೇಶ ಕಳುಹಿಸಿದರೆ ಸಾಕು.

ಇನ್ನು ಫೋನಿನ ಆಯುಸ್ಸು. ಯಂತ್ರ ಒಡೆಯದೆ ಇದ್ದ ಮಾತ್ರಕ್ಕೆ ಫೋನು ಬದುಕಿದೆಯೆನ್ನುವಂತಿಲ್ಲ. ಅದರೊಳಗಿನ ತಂತ್ರಾಂಶದಲ್ಲಿ ಕಳ್ಳರು ನುಗ್ಗಬಹುದಾದ ಬಿರುಕುಗಳು ಆಗಾಗ ಕಂಡುಬರುತ್ತಲೇ ಇರುವುವು. ತಯಾರಕರು ಅವುಗಳಿಗೆ ತೇಪೆ ಹಾಕಿ ಕಳುಹಿಸುವರು. ಅದನ್ನೇ ಭದ್ರತೆಯ ಅಪ್‌ಡೇಟೆಂದು ಕರೆಯುವುದು. ಅದು ನಿಂತ ಮೇಲೆ ಫೋನು ಬೀಗ ಹಳತಾದ ಮನೆಯಂತೆ. ಕೆಲವು ಕಾಲಾನಂತರ ಬ್ಯಾಂಕಿನ ಆಪುಗಳೂ ಅದರಲ್ಲಿ ನಡೆಯಲೊಲ್ಲವು. ಗೂಗಲ್ ಕಂಪೆನಿಯವರು 2023ನೆಯ ಅಕ್ಟೋಬರಿನಲ್ಲಿ ಪಿಕ್ಸೆಲ್ 8ಕ್ಕೂ, ಸ್ಯಾಮ್‌ಸಂಗಿನವರು 2024ನೆಯ ಜನವರಿಯಲ್ಲಿ ಗ್ಯಾಲಕ್ಸಿ ಎಸ್ 24ಕ್ಕೂ ಏಳು ವರ್ಷ ಅಪ್‌ಡೇಟು ಕೊಡುವುದಾಗಿ ವಚನವಿತ್ತರು. ಕಡಮೆ ಬೆಲೆಯ ಎಷ್ಟೋ ಫೋನುಗಳಿಗೆ ಇಷ್ಟು ದೀರ್ಘವಾದ ವಚನವಿಲ್ಲ.

ಇಲ್ಲಿ ಬಹುಮಂದಿ ಗಮನಿಸದಿರುವ ಒಂದು ಸೂಕ್ಷ್ಮವಿದೆ. ಈ ವರ್ಷಗಳನ್ನು ಸಾಮಾನ್ಯವಾಗಿ ಎಣಿಸುವುದು ಆ ಮಾದರಿಯ ಫೋನು ಮಾರುಕಟ್ಟೆಗೆ ಬಂದ ದಿನದಿಂದ. ನಾವು ಕೊಂಡ ದಿನದಿಂದಲ್ಲ. ನಾಲ್ಕು ವರ್ಷದ ವಚನವಿರುವ ಫೋನು ಬಂದು ಮೂರು ವರ್ಷವಾಗಿದ್ದರೆ, ಹೊಸ ಡಬ್ಬದಲ್ಲಿ, ಹೊಸ ಬಿಲ್ಲಿನೊಡನೆ ನಾವು ಕೊಳ್ಳುತ್ತಿರುವುದು ಒಂದು ವರ್ಷದ ಆಯುಸ್ಸನ್ನು. ಅದರ ಮೇಲೆ ಎರಡು ವರ್ಷದ ಕರಾರಾದರೆ ಎರಡನೆಯ ವರ್ಷವೆಲ್ಲ ಬೀಗವಿಲ್ಲದ ಮನೆಗೆ ಬಾಡಿಗೆ ಕಟ್ಟಿದಂತಾಯಿತು. ದೊಡ್ಡ ರಿಯಾಯಿತಿಯ ಹಿಂದೆ ಅನೇಕ ವೇಳೆ ಇಂತಹ ಮಾದರಿಯೇ ಇರುತ್ತದೆ. ಬ್ರಿಟನ್ನಿನಲ್ಲಿ 2024ನೆಯ ಇಸವಿ ಏಪ್ರಿಲ್ 29ರಿಂದ ಜಾರಿಯಲ್ಲಿರುವ ಶಾಸನದ ಪ್ರಕಾರ, ಭದ್ರತೆಯ ಅಪ್‌ಡೇಟು ಕನಿಷ್ಠಪಕ್ಷ ಎಂದಿನವರೆಗೆ ಎಂಬುದನ್ನು ತಯಾರಕರು ಪ್ರಕಟಿಸಲೇಬೇಕು. ಆ ದಿನಾಂಕವನ್ನೂ ಕರಾರು ಮುಗಿಯುವ ದಿನಾಂಕವನ್ನೂ ಒಂದೇ ಚೀಟಿಯಲ್ಲಿ ಒಂದರ ಕೆಳಗೊಂದು ಬರೆಯಿರಿ. ಮೊದಲನೆಯದು ಎರಡನೆಯದಕ್ಕಿಂತ ಎರಡು ವರ್ಷವಾದರೂ ಮುಂದಿರಬೇಕೆಂಬುದು ನಮ್ಮ ಅಭಿಪ್ರಾಯ. ಏಕೆಂದರೆ ಕರಾರಿನ ಲಾಭವಿರುವುದು ಅದು ಮುಗಿದ ಮೇಲೆಯೇ: ಕಂತಿಲ್ಲದೆ ಫೋನಿರುವ ತಿಂಗಳುಗಳಲ್ಲಿ.

ಬ್ಯಾಟರಿಯ ವಿಷಯವೂ ಇದೇ ಬಗೆಯದು. ದಿನಕ್ಕೊಂದು ಪೂರ್ಣ ಚಾರ್ಜಿನಂತೆ ಎರಡು ವರ್ಷಕ್ಕೆ 730 ಸಲ ಆಗುವುದು. ಆಪಲ್ ಕಂಪೆನಿಯವರು ಐಫೋನು 14ರವರೆಗಿನ ಬ್ಯಾಟರಿಗಳು 500 ಪೂರ್ಣ ಚಾರ್ಜುಗಳ ತರುವಾಯ, 15ರಿಂದೀಚಿನವು 1000ದ ತರುವಾಯ, ಮೊದಲಿನ ಶಕ್ತಿಯಲ್ಲಿ ಶೇಕಡಾ 80ರಷ್ಟನ್ನು ಉಳಿಸಿಕೊಂಡಿರುವಂತೆ ರಚಿತವಾದುವೆಂದು ಹೇಳಿರುವರು. ಯೂರೋಪಿನ ಒಕ್ಕೂಟದಲ್ಲಿ 2025ನೆಯ ಇಸವಿ ಜೂನ್ 20ರಿಂದ 800 ಸಲಕ್ಕೆ ಶೇಕಡಾ 80 ಉಳಿಯಲೇಬೇಕೆಂಬ ನಿಯಮ ಬಂದಿದೆ. 500 ಸಲದ ಬ್ಯಾಟರಿ ಕರಾರಿನ ನಡುದಾರಿಯಲ್ಲಿ ಬಳಲುವುದು. 1000 ಸಲದ್ದು ದಾಟಿಸುವುದು. ಸೆಖೆಯಲ್ಲಿ, ದಿಂಬಿನ ಕೆಳಗಿಟ್ಟು ಚಾರ್ಜು ಮಾಡುವ ಅಭ್ಯಾಸವಿರುವವರು ಈ ಸಂಖ್ಯೆಗಳನ್ನು ನಂಬದಿರುವುದು ಲೇಸು.

ಪರದೇಶಕ್ಕೆ ಹೋಗುವವರು ಎರಡು ಸಿಮ್ಮಿಗೆ ಎಡೆಯಿರುವ ಫೋನನ್ನೇ ಆರಿಸಬೇಕು. ಇಲ್ಲಿನ ಬ್ಯಾಂಕಿನ ಓಟಿಪಿ ಬರುವುದು ಇಲ್ಲಿನ ನಂಬರಿಗೆ. ಅದನ್ನು ರೀಚಾರ್ಜು ಮಾಡಿ ಜೀವಂತವಾಗಿಡದಿದ್ದರೆ ತಂದೆ ಕಳುಹಿಸಿದ ಹಣ ಖಾತೆಯಲ್ಲಿದ್ದೂ ಇಲ್ಲದಂತೆ. ಇಲ್ಲಿಂದಲೇ ಫೋನನ್ನು ಒಯ್ಯುವವರು ಅದು ಅಲ್ಲಿನ ಕಂಪೆನಿಯ ಫೋರ್‌ಜಿ ಜಾಲದಲ್ಲಿ ಮಾತನಾಡಬಲ್ಲುದೇ ಎಂದು ಆ ಕಂಪೆನಿಯವರನ್ನೇ ವಿಚಾರಿಸಿಕೊಳ್ಳಲಿ. ಅಲ್ಲಿ ತ್ರೀಜಿಯನ್ನು ಮುಚ್ಚುತ್ತ ಬಂದಿರುವುದರಿಂದ, ಬೇರೆ ದೇಶದಲ್ಲಿ ಕೊಂಡ ಕೆಲವು ಫೋನುಗಳು ಅಂತರಜಾಲವನ್ನು ತೋರಿಸಿದರೂ ಕರೆಗೆ ತೊಡಕು ಮಾಡುವುವು. ಅಲ್ಲಿಂದ ತರುವುದರಲ್ಲಿ ಹೆದರಿಕೆ ಕಡಮೆ: 2021ನೆಯ ಡಿಸೆಂಬರಿನಿಂದ ಬ್ರಿಟನ್ನಿನ ಟೆಲಿಫೋನು ಕಂಪೆನಿಗಳು ತಮ್ಮ ಜಾಲಕ್ಕೇ ಕಟ್ಟಿಹಾಕಿದ ಫೋನನ್ನು ಮಾರುವಂತಿಲ್ಲ. ಕ್ಯಾಮೆರಾ, ಬಣ್ಣಗಳ ವಿಷಯದಲ್ಲಿ ಮಕ್ಕಳು ನಮಗಿಂತ ಬಲ್ಲರು.

ನಮ್ಮಲ್ಲಿ ಕರಾರಿಲ್ಲದಿದ್ದರೂ ಅದರ ತಮ್ಮನಾದ ಕಂತು ಮನೆಮನೆಗೂ ಬಂದಿದೆ. ‘ನೋ ಕಾಸ್ಟ್ ಇಎಂಐ’ ಎಂದು ಅಂಗಡಿಯಲ್ಲಿ ಬರೆದಿರುವುದನ್ನು ಓದಿ ಬಡ್ಡಿಯೇ ಇಲ್ಲವೆಂದು ಗೃಹಿಣಿಯರು ತಿಳಿಯಬಾರದು. ಶೂನ್ಯ ಬಡ್ಡಿಯೆಂಬುದೇ ಇಲ್ಲವೆಂದು ರಿಸರ್ವ್ ಬ್ಯಾಂಕಿನವರು 2013ನೆಯ ಸೆಪ್ಟೆಂಬರಿನಲ್ಲಿಯೇ ಬ್ಯಾಂಕುಗಳಿಗೆ ತಿಳಿಸಿರುವರು. ಸಾಮಾನ್ಯವಾಗಿ ನಡೆಯುವುದೇನೆಂದರೆ, ಸಾಲ ಕೊಟ್ಟವರು ಬಡ್ಡಿ ಹಾಕುವರು, ಮಾರುವವರು ಅಷ್ಟನ್ನು ಬೆಲೆಯಲ್ಲಿ ಕಳೆಯುವರು. ಕ್ರೆಡಿಟ್ ಕಾರ್ಡಿನ ಕಂತಾದರೆ ಬಡ್ಡಿಯ ಮೇಲಿನ ಶೇಕಡಾ 18ರ ಜಿ.ಎಸ್.ಟಿ.ಯೂ, ಇದ್ದರೆ ಸಂಸ್ಕರಣ ಶುಲ್ಕವೂ ಕೊಳ್ಳುವವರ ಮೇಲೆ ಬೀಳುವುವು. ರೊಕ್ಕ ಕೊಟ್ಟರೆ ಬೆಲೆಯಲ್ಲಿ ಎಷ್ಟು ಇಳಿಸುವಿರಿ ಎಂದು ಒಂದು ಮಾತು ಕೇಳಿದರೆ ‘ನೋ ಕಾಸ್ಟಿ’ನ ಕಾಸ್ಟು ಎಷ್ಟೆಂಬುದು ಅನೇಕ ವೇಳೆ ಅಲ್ಲಿಯೇ ಹೊರಬೀಳುವುದು.

ಕಂತು ತೀರಿದ ಹಳೆಯ ಫೋನು ನಮ್ಮ ಮನೆಗಳಲ್ಲಿ ಕಸಕ್ಕೆ ಹೋಗುವುದಿಲ್ಲ. ಅಜ್ಜಿ ತಾತಂದಿರ ಕೈಗೆ ಹೋಗುವುದು. ಪಿಂಚಣಿ ಜಮೆಯಾಗುವ ಖಾತೆಯೂ ಅದಕ್ಕೆ ಕಟ್ಟಿದ ಯು.ಪಿ.ಐ.ಯೂ ಇರುವುದು ಬಹುತೇಕ ಆ ಫೋನಿನಲ್ಲಿಯೇ. ಕೊಡುವ ಮೊದಲು ಸೆಟ್ಟಿಂಗ್ಸಿನಲ್ಲಿ ಆಂಡ್ರಾಯ್ಡಿನ ಭದ್ರತೆಯ ಅಪ್‌ಡೇಟು ಕೊನೆಯದಾಗಿ ಯಾವ ತಿಂಗಳಿನದೆಂದು ನೋಡಿರಿ. ಅದು ಒಂದು ವರ್ಷಕ್ಕಿಂತ ಹಿಂದಿನದಾಗಿದ್ದು, ಹೊಸದು ಬರುವಂತಿಲ್ಲದಿದ್ದರೆ, ಮೊಮ್ಮಕ್ಕಳ ಮುಖ ನೋಡುವುದಕ್ಕೂ ಸಂಗೀತ ಕೇಳುವುದಕ್ಕೂ ಆ ಫೋನು ಇರಲಿ. ಬ್ಯಾಂಕಿನ ಆಪನ್ನು ಮಾತ್ರ ಅದರಿಂದ ತೆಗೆದು, ಮನೆಯಲ್ಲಿ ಇನ್ನೂ ಅಪ್‌ಡೇಟು ಬರುತ್ತಿರುವ ಬೇರೊಂದು ಫೋನಿನಲ್ಲಿ ಅವರ ಖಾತೆಗೆ ಎಡೆಮಾಡಿಕೊಡಿರಿ.