ಚೀಟಿ ಇಲ್ಲದ ಗಿರಾಕಿಗಳು

"ಅದೇ ಕಣಪ್ಪ, ಹೋದ್ ಸಲ ಕೊಟ್ಟಿದ್ದಲ್ಲ ಕೆಂಪ್ ಗುಳಿಗೆ, ಅದ್ನೇ ಕೊಡು. ಸೊಂಟ ಎತ್ತಕ್ಕೇ ಆಗ್ತಿಲ್ಲ."

"ಯಾವ್ದು ಅಜ್ಜಿ? ಕೆಂಪ್ ಗುಳಿಗೆ ನಮ್ಮತ್ರ ಹತ್ತಾರು ಥರ ಅವೆ. ಹಳೇ ಕವರ್ ತಂದಿದ್ದೀರಾ?"

"ಕವರ್ ಯಾರಪ್ಪ ಇಟ್ಕತಾರೆ? ಒಲೆಗಾಕ್ದೆ. ಬಸ್ ಬಂದ್ಬುಡ್ತದೆ, ಬಿರ್ರನೆ ಕೊಡು."

ಮಳವಳ್ಳಿ ಬಸ್ ನಿಲ್ದಾಣದ ಆಸುಪಾಸಿನ ಯಾವುದೇ ಮೆಡಿಕಲ್ ಸ್ಟೋರಿನ ಮುಂದೆ ಸಂಜೆ ಹೊತ್ತು ಅರ್ಧ ಗಂಟೆ ನಿಂತರೆ ಇಂಥ ಸಂಭಾಷಣೆ ಕಿವಿಗೆ ಬೀಳದೆ ಇರದು. ಹಲಗೂರು, ಬೆಳಕವಾಡಿ, ಕಿರುಗಾವಲು ಕಡೆಯ ಬಸ್ಸುಗಳಿಗೆ ಕಾಯುವವರು ಸಂತೆ ಸಾಮಾನಿನ ಜೊತೆಗೇ ಗುಳಿಗೆಯನ್ನೂ ಕಟ್ಟಿಸಿಕೊಂಡು ಹೋಗುತ್ತಾರೆ. ಕೈಯಲ್ಲಿ ವೈದ್ಯರ ಚೀಟಿ ಇರುವುದಿಲ್ಲ. ಗುಳಿಗೆಯ ಹೆಸರು ಗೊತ್ತಿರುವುದಿಲ್ಲ. ಬಣ್ಣ ಗೊತ್ತು, ಗಾತ್ರ ಗೊತ್ತು, ಹೋದ ಸಲ ತಿಂದಾಗ ನೋವು ಹೋಗಿದ್ದು ಗೊತ್ತು. ಅಷ್ಟನ್ನೇ ನಂಬಿ ಅಂಗಡಿಯವರು ಕೊಡಬೇಕು, ಅವರನ್ನು ನಂಬಿ ಇವರು ನುಂಗಬೇಕು.

ಮದ್ದೂರಿನಲ್ಲಿಯೂ ಇದೇ ಕಥೆ. ಎಳನೀರು ಮಾರುಕಟ್ಟೆಗೆ ಲೋಡು ತಂದವರು, ಕೊಪ್ಪ, ಬೆಸಗರಹಳ್ಳಿ ಕಡೆಯಿಂದ ಕೋರ್ಟು ಕಚೇರಿಗೆ ಬಂದವರು ಹೋಗುವ ಮುನ್ನ ಒಮ್ಮೆ ಮೆಡಿಕಲ್ ಸ್ಟೋರಿಗೆ ತಲೆ ಹಾಕುತ್ತಾರೆ. ಡಾಕ್ಟರ ಬಳಿ ಹೋದರೆ ಒಂದು ದಿನದ ಕೂಲಿ ಹೋಯಿತು, ಮೇಲೆ ಫೀಸು, ಪರೀಕ್ಷೆಯ ಖರ್ಚು. ಮೆಡಿಕಲ್ ಸ್ಟೋರಿನಲ್ಲಿ ಟೋಕನ್ ಇಲ್ಲ, ಫೀಸಿಲ್ಲ, ಬೆಳಿಗ್ಗೆಯಿಂದ ರಾತ್ರಿವರೆಗೆ ಬಾಗಿಲು ತೆರೆದಿರುತ್ತದೆ. ಪರಿಚಯದ ಅಂಗಡಿಯಾದರೆ ಕಬ್ಬಿನ ಬಿಲ್ಲು ಬರುವತನಕ ಸಾಲವನ್ನೂ ಬರೆದುಕೊಳ್ಳುತ್ತಾರೆ. ಹಳ್ಳಿಯ ಬಡವರ ಪಾಲಿಗೆ ಗಾಜಿನ ಕಟ್ಟೆಯ ಆಚೆ ನಿಂತವರೇ ಮೊದಲ ಡಾಕ್ಟರು.

ಒಂದು 'ಸೆಟ್' ಕೊಡಿ

ಕಬ್ಬು ಕಡಿಯುವವರು, ನಾಟಿಗೆ ಹೋಗುವ ಹೆಂಗಸರು, ಆಲೆಮನೆಯ ಕೆಲಸಗಾರರು ಕೇಳುವುದು ಹೆಚ್ಚಾಗಿ ಮೈಕೈ ನೋವಿನ 'ಸೆಟ್'. ಬಿಡಿಬಿಡಿಯಾಗಿ ಕತ್ತರಿಸಿದ ಮೂರ್ನಾಲ್ಕು ಮಾತ್ರೆ ಒಂದು ಸಣ್ಣ ಕವರಿನಲ್ಲಿ. ಸಾಮಾನ್ಯವಾಗಿ ಅದರಲ್ಲೊಂದು ನೋವಿನ ಗುಳಿಗೆ, ಒಂದು ಗ್ಯಾಸ್ಟ್ರಿಕ್ ಗುಳಿಗೆ, ಕೆಲವೊಮ್ಮೆ ಒಂದು ಸ್ಟೆರಾಯ್ಡ್. ರಾತ್ರಿ ನುಂಗಿ ಮಲಗಿದರೆ ಬೆಳಿಗ್ಗೆ ಕುಡುಗೋಲು ಹಿಡಿಯಲು ಮೈ ಸಿದ್ಧ. ಕೈಗುಣವಿರುವ ಅಂಗಡಿ ಎಂಬ ಹೆಸರು ಬರುವುದೂ ಹೀಗೆಯೇ.

ತೊಂದರೆ ಇರುವುದು ಆಮೇಲೆ. ಡೈಕ್ಲೋಫೆನಾಕ್‌ನಂಥ ನೋವಿನ ಗುಳಿಗೆಯನ್ನು ತಿಂಗಳುಗಟ್ಟಲೆ ನುಂಗಿದರೆ ಜಠರದಲ್ಲಿ ಹುಣ್ಣಾಗಬಹುದು, ಮೂತ್ರಪಿಂಡ ಸೊರಗಬಹುದು. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರಿಗೆ ಅಪಾಯ ಇನ್ನೂ ಹೆಚ್ಚು. ಸ್ಟೆರಾಯ್ಡ್ ರಕ್ತದ ಸಕ್ಕರೆಯನ್ನು ಏರಿಸುತ್ತದೆ. ಬಹುಕಾಲ ತಿಂದು ಒಮ್ಮೆಲೇ ಬಿಟ್ಟರೂ ಕಷ್ಟ. ಕತ್ತರಿಸಿ ಕೊಟ್ಟ ಮಾತ್ರೆಯಲ್ಲಿ ಹೆಸರೂ ಇಲ್ಲ, ಅವಧಿ ಮುಗಿಯುವ ದಿನಾಂಕವೂ ಇಲ್ಲ. ಕೊನೆಗೆ ಕಾಲು ಮುಖ ಊದಿಕೊಂಡು ದೊಡ್ಡಾಸ್ಪತ್ರೆ ಸೇರಿದಾಗ "ಇಷ್ಟು ದಿನ ಏನು ತಿಂದಿರಿ?" ಎಂದು ವೈದ್ಯರು ಕೇಳಿದರೆ ಉತ್ತರ ಮತ್ತೆ ಅದೇ: "ಕೆಂಪ್ ಗುಳಿಗೆ ಸಾ."

ಮುಲಾಮಿನ ಕಥೆ ಇನ್ನೊಂದು. ಗದ್ದೆಯ ಕೆಸರಿನಲ್ಲಿ, ಒದ್ದೆ ಬಟ್ಟೆಯಲ್ಲಿ ದುಡಿಯುವವರಿಗೆ ಹುಳುಕಡ್ಡಿ ಸಾಮಾನ್ಯ. ನಾಚಿಕೆಯಿಂದ ಯಾರಿಗೂ ತೋರಿಸದೆ ಟ್ಯೂಬು ಕೇಳಿ ಪಡೆಯುತ್ತಾರೆ. ಸ್ಟೆರಾಯ್ಡ್ ಬೆರೆತ ಮುಲಾಮಾದರೆ ಎರಡೇ ದಿನಕ್ಕೆ ತುರಿಕೆ ನಿಲ್ಲುತ್ತದೆ. ಆದರೆ ಒಳಗೆ ಶಿಲೀಂಧ್ರ ಸೊಕ್ಕಿ ಬೆಳೆದು, ಅಂಗೈಯಗಲ ಇದ್ದದ್ದು ಬೆನ್ನಗಲ ಆಗುತ್ತದೆ. ಮುಖ ಬೆಳ್ಳಗಾಗಲೆಂದು ಇದೇ ಬಗೆಯ ಮುಲಾಮು ಹಚ್ಚಿ ಚರ್ಮ ತೆಳುವಾಗಿಸಿಕೊಳ್ಳುವವರೂ ಇದ್ದಾರೆ. ಈ ಕಾರಣಕ್ಕೇ 2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟೆರಾಯ್ಡ್ ಮುಲಾಮುಗಳನ್ನು ಚೀಟಿ ಇಲ್ಲದೆ ಮಾರಬಾರದೆಂದು ಕಟ್ಟುನಿಟ್ಟು ಮಾಡಿತು.

ಆಂಟಿಬಯಾಟಿಕ್ ವಿಷಯದಲ್ಲಿ ಕಾನೂನು ಇನ್ನೂ ಬಿಗಿ. ಸೆಫಿಕ್ಸಿಮ್‌ನಂಥ ಆಂಟಿಬಯಾಟಿಕ್‌ಗಳೂ ಕ್ಷಯದ ಔಷಧಗಳೂ ಸೇರಿದ 46 ಔಷಧಗಳ 'ಎಚ್ 1' ಪಟ್ಟಿ 2014ರ ಮಾರ್ಚ್‌ನಿಂದ ಜಾರಿಯಲ್ಲಿದೆ. ಇವನ್ನು ಮಾರಿದರೆ ವೈದ್ಯರ ಹೆಸರು, ರೋಗಿಯ ಹೆಸರು, ಕೊಟ್ಟ ಪ್ರಮಾಣವನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಟ್ಟಿರಬೇಕು. ಆದರೂ ನೆಗಡಿಗೆ ಎರಡು ಆಂಟಿಬಯಾಟಿಕ್ ನುಂಗಿ, ಸುಧಾರಿಸಿತೆಂದು ಉಳಿದದ್ದನ್ನು ಮಾಡದ ಮೇಲಿಡುವ ಅಭ್ಯಾಸ ಹೋಗಿಲ್ಲ. ವೈರಸ್ಸಿನಿಂದ ಬಂದ ನೆಗಡಿಗೆ ಆ ಔಷಧ ನಾಟುವುದೇ ಇಲ್ಲ. ನಾಳೆ ನಿಜವಾಗಿ ಬೇಕಾದಾಗ ನಾಟದಂತೆ ಮಾತ್ರ ಮಾಡುತ್ತದೆ.

ಚೀಟಿ ಇದ್ದರೂ ಪಾಡು

ಮಂಡ್ಯದ ಅನುಭವ ಸ್ವಲ್ಪ ಬೇರೆ. ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಗೆ ಜಿಲ್ಲೆಯ ಎಲ್ಲ ಕಡೆಯಿಂದ ಜನ ಬರುತ್ತಾರೆ. ಖಾಸಗಿ ಕ್ಲಿನಿಕ್ಕುಗಳೂ ಸಾಕಷ್ಟಿವೆ. ಇಲ್ಲಿ ಗಿರಾಕಿಯ ಕೈಯಲ್ಲಿ ಚೀಟಿ ಇರುತ್ತದೆ, ಅದರಲ್ಲಿ ಏನಿದೆ ಎಂಬುದು ಮಾತ್ರ ದೇವರಿಗೇ ಗೊತ್ತು. ಬರೆದವರ ಅಕ್ಷರ ಪಕ್ಕದ ಅಂಗಡಿಗಷ್ಟೇ ತಿಳಿಯುತ್ತದೆ, ಬರೆದ ಕಂಪನಿಯ ಮಾತ್ರೆ ಅಲ್ಲಷ್ಟೇ ಸಿಗುತ್ತದೆ ಎಂಬುದು ಹಲವರ ದೂರು.

ಅಕ್ಷರ ಕೆಟ್ಟರೆ ಜೀವಕ್ಕೇ ಕುತ್ತು. ಹೈಡ್ರಾಕ್ಸಿಜಿನ್ ತುರಿಕೆಗೆ ಕೊಡುವ ಮಾತ್ರೆ, ಹೈಡ್ರಾಲಜೈನ್ ರಕ್ತದೊತ್ತಡ ಇಳಿಸುವ ಮಾತ್ರೆ. ಅವಸರದಲ್ಲಿ ಗೀಚಿದರೆ ಎರಡೂ ಒಂದೇ. ಔಷಧದ ಮೂಲ ಹೆಸರನ್ನು ಸ್ಪಷ್ಟವಾಗಿ, ಆದಷ್ಟೂ ದೊಡ್ಡ ಅಕ್ಷರಗಳಲ್ಲಿ ಬರೆಯಬೇಕೆಂದು ಭಾರತೀಯ ವೈದ್ಯಕೀಯ ಮಂಡಳಿ 2016ರಲ್ಲೇ ನಿಯಮ ಮಾಡಿತ್ತು.

ಮೂಲ ಹೆಸರು ಬರೆಯುವುದರಲ್ಲಿ ದುಡ್ಡಿನ ಲೆಕ್ಕವೂ ಇದೆ. ಚೀಟಿಯಲ್ಲಿ ಒಂದು ಕಂಪನಿಯ ಹೆಸರಿದ್ದರೆ ಅಂಗಡಿಯವರು ತಾವಾಗಿ ಬೇರೆ ಕಂಪನಿಯದನ್ನು ಕೊಡುವಂತಿಲ್ಲ. ಮೂಲ ಹೆಸರಿದ್ದರೆ ಅಗ್ಗದ್ದನ್ನು ಕೇಳಿ ಪಡೆಯಬಹುದು. 2008ರಲ್ಲಿ ಆರಂಭವಾದ ಜನೌಷಧಿ ಯೋಜನೆಯ ಮಳಿಗೆಗಳಲ್ಲಿ ಬೆಲೆ ಶೇ 50ರಿಂದ 80ರಷ್ಟು ಕಡಿಮೆ ಎಂಬುದು ಯೋಜನೆಯವರ ಮಾತು. ತಿಂಗಳು ತಿಂಗಳು ಸಕ್ಕರೆ, ಬಿ.ಪಿ. ಮಾತ್ರೆ ಕೊಳ್ಳುವ ಮನೆಗೆ ಇದು ಸಣ್ಣ ಉಳಿತಾಯವಲ್ಲ.

ಕಡಿಮೆ ಖರ್ಚಿನ ವೈದ್ಯ ಏನೆಂಬುದನ್ನು ಮಂಡ್ಯದವರಿಗೆ ಹೊಸದಾಗಿ ಹೇಳಬೇಕಿಲ್ಲ. ಚರ್ಮರೋಗ ತಜ್ಞ ಡಾ. ಶಂಕರೇಗೌಡರು 'ಐದು ರೂಪಾಯಿ ಡಾಕ್ಟ್ರು' ಎಂದೇ ನಾಡಿಗೆಲ್ಲ ಹೆಸರಾದದ್ದು ಈ ಊರಿನಲ್ಲಿ. ಫೀಸಿನಷ್ಟೇ ಅವರು ಬರೆಯುವ ಔಷಧವೂ ಕೈಗೆಟುಕುವಂತಿರುತ್ತದೆ ಎಂಬುದು ಸರದಿಯಲ್ಲಿ ನಿಂತವರ ನಂಬಿಕೆಯಾಗಿತ್ತು.

ಕಟ್ಟೆಯ ಆಚೆಯ ಕಷ್ಟ

ತಪ್ಪನ್ನೆಲ್ಲ ಅಂಗಡಿಯವರ ಮೇಲೆ ಹೊರಿಸುವುದು ಸುಲಭ. ಅವರ ಮಾತನ್ನೂ ಕೇಳಬೇಕು. "ಚೀಟಿ ತನ್ನಿ" ಎಂದರೆ ಗಿರಾಕಿ ಮುನಿಸಿಕೊಂಡು ಪಕ್ಕದ ಅಂಗಡಿಗೆ ಹೋಗುತ್ತಾರೆ, ಅಲ್ಲಿ ಸಿಕ್ಕೇ ಸಿಗುತ್ತದೆ. ಬೆಲೆ ನಿಯಂತ್ರಣಕ್ಕೆ ಒಳಪಟ್ಟ ಔಷಧಗಳಲ್ಲಿ ಚಿಲ್ಲರೆ ಅಂಗಡಿಗೆ ನಿಗದಿಯಾದ ಅಂಶ ಶೇ 16. ಅದರಲ್ಲೇ ಬಾಡಿಗೆ, ಕರೆಂಟು, ಫ್ರಿಜ್ಜು, ಹುಡುಗರ ಸಂಬಳ, ಹಾಗೆಯೇ ನೋಂದಾಯಿತ ಫಾರ್ಮಾಸಿಸ್ಟ್ ಸಂಬಳ. ಇದರ ಮೇಲೆ ಆನ್‌ಲೈನ್‌ನವರ, ದೊಡ್ಡ ಸರಣಿ ಅಂಗಡಿಗಳವರ ರಿಯಾಯಿತಿಯ ಪೈಪೋಟಿ.

ಆದರೂ ಫಾರ್ಮಾಸಿಸ್ಟ್ ಇರಬೇಕಾದದ್ದು ಗೋಡೆಯ ಮೇಲಿನ ಸರ್ಟಿಫಿಕೇಟಿನಲ್ಲಿ ಅಲ್ಲ. ಚೀಟಿಯ ಔಷಧ ಅವರ ಕಣ್ಣೆದುರೇ ಹೋಗಬೇಕು. ಹೇಗೆ ನುಂಗಬೇಕು, ಯಾವುದರ ಜೊತೆ ನುಂಗಬಾರದು ಎಂದು ತಿಳಿಸಬೇಕು ಎನ್ನುತ್ತದೆ 2015ರ ಫಾರ್ಮಸಿ ನಿಯಮಾವಳಿ. ಈ ಮಾತು ನಮ್ಮ ಕಡೆ ಇನ್ನೂ ಮುಖ್ಯ. ಮಾತ್ರೆಪಟ್ಟಿಯ ಮೇಲಿನ ಬರಹ ಇಂಗ್ಲಿಷಿನಲ್ಲಿ, ಕೆಲವುದರ ಮೇಲೆ ಹಿಂದಿಯಲ್ಲಿ. ಕನ್ನಡವೊಂದೇ ಬಲ್ಲವರಿಗೆ, ಓದೇ ಬಾರದವರಿಗೆ ಅಂಗಡಿಯವರ ಬಾಯಿಮಾತೇ ಲೇಬಲ್ಲು. ಒಂದೇ ಪ್ಯಾರಾಸಿಟಮಾಲ್ ಎರಡು ಕಂಪನಿಗಳ ಹೆಸರಿನಲ್ಲಿ ಮನೆಯಲ್ಲಿದ್ದರೆ, ಜ್ವರಕ್ಕೊಂದು ತಲೆನೋವಿಗೊಂದು ಎಂದು ಎರಡನ್ನೂ ನುಂಗಿ ಯಕೃತ್ತಿಗೆ ಪೆಟ್ಟು ಮಾಡಿಕೊಳ್ಳುವುದು ಆ ಮಾತು ಇಲ್ಲದಾಗಲೇ.

ಒಳ್ಳೆಯ ಅಂಗಡಿಯವರನ್ನು ಜನ ಗುರುತಿಸುವುದೂ ಇದರಿಂದಲೇ. ಅವರು ಕವರಿನ ಮೇಲೆ ಬೆಳಗಿಗೆ ಸೂರ್ಯ, ರಾತ್ರಿಗೆ ಚಂದ್ರ ಬರೆದು ಕೊಡುತ್ತಾರೆ. 'ಊಟ ಆದ ಮೇಲೆ' ಎಂದು ಕನ್ನಡದಲ್ಲಿ ಗೀಚುತ್ತಾರೆ. ಪಟ್ಟಿ ಕತ್ತರಿಸುವಾಗ ದಿನಾಂಕವಿರುವ ತುದಿಯನ್ನು ಗಿರಾಕಿಗೇ ಬಿಡುತ್ತಾರೆ. ಮೂರನೇ ಸಲ ಅದೇ ನೋವಿನ ಗುಳಿಗೆ ಕೇಳಿದರೆ, "ಇನ್ನು ಕೊಡಲ್ಲ ಕಣವ್ವ, ಒಂದ್ಸಲ ಡಾಕ್ಟ್ರಿಗೆ ತೋರ್ಸು" ಎನ್ನುತ್ತಾರೆ. ಆ ಕ್ಷಣಕ್ಕೆ ಬೈಗುಳ ತಿಂದರೂ ಆ ಅಂಗಡಿ ಬಾಳುತ್ತದೆ.

ಕೇಳಬೇಕಾದ ಮಾತು

ಗಿರಾಕಿ ಕೇಳಬೇಕಾದದ್ದು ಹೆಚ್ಚೇನಿಲ್ಲ. ಇದು ಯಾವುದಕ್ಕೆ, ಎಷ್ಟು ದಿನ, ಊಟಕ್ಕೆ ಮುಂಚೆಯೋ ಆಮೇಲೋ? ಸಕ್ಕರೆ, ಬಿ.ಪಿ., ಬಸಿರು ಇದ್ದರೆ ಕೇಳದೆಯೇ ಹೇಳಬೇಕು. ಪಟ್ಟಿಯ ಮೇಲೆ ಕೆಂಪು ಗೆರೆ ಇದ್ದರೆ ಅದು ಚೀಟಿ ಇಲ್ಲದೆ ನುಂಗುವ ಔಷಧವಲ್ಲ. ಪುಟ್ಟ ಮಕ್ಕಳಿಗೆ ಕೆಮ್ಮಿನ ಸಿರಪ್ಪನ್ನು ತಾವಾಗಿಯೇ ಕೊಳ್ಳಬಾರದು. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಕಲಬೆರಕೆ ಸಿರಪ್ಪಿಗೆ ಮಕ್ಕಳು ಬಲಿಯಾದದ್ದು ಮರೆಯುವಂಥದ್ದಲ್ಲ. ಬ್ಯಾಚ್ ನಂಬರಿರುವ ಬಿಲ್ಲನ್ನು ತಪ್ಪದೆ ಪಡೆಯಬೇಕು. ಮೋಸವಾದರೆ 1915ಕ್ಕೆ ಫೋನು ಮಾಡಬಹುದು, ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗಬಹುದು. ಐದು ಲಕ್ಷ ರೂಪಾಯಿವರೆಗಿನ ದೂರಿಗೆ ಅಲ್ಲಿ ಶುಲ್ಕವಿಲ್ಲ. ಬಿಲ್ಲಿಲ್ಲದವರ ಮಾತಿಗೆ ಮಾತ್ರ ಎಲ್ಲಿಯೂ ಬಲವಿಲ್ಲ.

ಮಳವಳ್ಳಿಯ ಅಜ್ಜಿಯ ಬಸ್ಸು ಬಂದೇಬಿಟ್ಟಿತು. ಅಂಗಡಿಯವರು ಈ ಸಲಕ್ಕೆಂದು ಎರಡೇ ಪ್ಯಾರಾಸಿಟಮಾಲ್ ಕೊಟ್ಟು, ಕವರಿನ ಮೇಲೆ ಅದರ ಹೆಸರು ಬರೆದು, "ಇದ್ನ ಒಲೆಗಾಕ್ಬೇಡಿ ಅಜ್ಜಿ, ನಾಳೆ ಸರ್ಕಾರಿ ಆಸ್ಪತ್ರೆಗೆ ಹೋದಾಗ ತೋರ್ಸಿ" ಎಂದರು. ಅಜ್ಜಿ ಗೊಣಗುತ್ತಲೇ ಕವರನ್ನು ಮಡಿಸಿ, ದುಡ್ಡಿನ ಜೊತೆಗೆ ಸೆರಗಿನ ತುದಿಗೆ ಗಂಟು ಹಾಕಿಕೊಂಡರು.