ಹಾವರ್ತ್‌ನ ಹಳೆಯ ಶಾಲೆ

ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತ್ಯದ ಹಾವರ್ತ್‌ಗೆ ಬರುವ ಸಾಹಿತ್ಯಾಭಿಮಾನಿಗಳು ನೇರವಾಗಿ ಬ್ರಾಂಟೆ ಸೋದರಿಯರ ಮನೆಗೆ ಹೋಗುತ್ತಾರೆ. ಆ ಮನೆಯಿಂದ ಕೂಗಳತೆಯಲ್ಲೇ ಒಂದು ಕಲ್ಲಿನ ಕಟ್ಟಡವಿದೆ. ಅದು ಚರ್ಚಿನ ಹಳೆಯ ಶಾಲೆ. ವಿಕ್ಟೋರಿಯಾ ರಾಣಿ ಪಟ್ಟಕ್ಕೆ ಬರುವ ಐದು ವರ್ಷ ಮೊದಲು, 1832ರಲ್ಲಿ, ಅದನ್ನು ಕಟ್ಟಿಸಿದವರು ಈ ಸೋದರಿಯರ ತಂದೆ, ಊರಿನ ಪಾದ್ರಿ ಪ್ಯಾಟ್ರಿಕ್ ಬ್ರಾಂಟೆ.

ಕಟ್ಟಡಕ್ಕೆ ಸರ್ಕಾರ ಹಣ ಕೊಡಲಿಲ್ಲ. ಊರವರ ವಂತಿಗೆ ಮತ್ತು ಲಂಡನ್ನಿನ ನ್ಯಾಷನಲ್ ಸೊಸೈಟಿಯ ಸಹಾಯಧನದಿಂದ ಅದು ಎದ್ದಿತೆಂದು ಗೋಡೆಯ ಶಿಲಾಫಲಕವೇ ಹೇಳುತ್ತದೆ. ಶಾಲೆ ಕಟ್ಟಲು ಬ್ರಿಟಿಷ್ ಸಂಸತ್ತು ಮೊದಲ ಬಾರಿ 20,000 ಪೌಂಡ್ ಮಂಜೂರು ಮಾಡಿದ್ದು ಮರುವರ್ಷ, 1833ರಲ್ಲಿ.

ಈ ನ್ಯಾಷನಲ್ ಸೊಸೈಟಿಗೂ ದಕ್ಷಿಣ ಭಾರತಕ್ಕೂ ನಂಟಿದೆ. ಬಡ ಮಕ್ಕಳಿಗೆ ಚರ್ಚಿನ ಆಶ್ರಯದಲ್ಲಿ ವಿದ್ಯೆ ಕಲಿಸಲು 1811ರಲ್ಲಿ ಹುಟ್ಟಿದ ಈ ಸಂಸ್ಥೆ ಪಾದ್ರಿ ಆಂಡ್ರ್ಯೂ ಬೆಲ್ ಅವರ 'ಮದ್ರಾಸ್ ಪದ್ಧತಿ'ಯನ್ನು ಪ್ರಚಾರ ಮಾಡಿತು. ಮದ್ರಾಸಿನ ಅನಾಥಾಲಯವೊಂದರ ಮೇಲ್ವಿಚಾರಕರಾಗಿದ್ದ ಬೆಲ್, ಅಲ್ಲಿನ ದೇಶೀ ಶಾಲೆಯಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವುದನ್ನು ಕಂಡರು. ನಮ್ಮ ಕೂಲಿಮಠಗಳಲ್ಲೂ ಇದ್ದ ರೂಢಿಯೇ ಅದು. ದೊಡ್ಡ ಹುಡುಗರು ಚಿಕ್ಕವರಿಗೆ ಕಲಿಸುವ ಕ್ರಮವನ್ನು ಅದಕ್ಕೆ ಜೋಡಿಸಿ, 1797ರಲ್ಲಿ ಲಂಡನ್ನಿನಲ್ಲಿ ಪುಸ್ತಕ ಪ್ರಕಟಿಸಿದರು. ಒಬ್ಬನೇ ಉಪಾಧ್ಯಾಯನಿಂದ ನೂರಾರು ಮಕ್ಕಳ ಶಾಲೆ ನಡೆಯಬಹುದಾದ್ದರಿಂದ ಅದು ಅಗ್ಗದ ವಿಧಾನವೆನಿಸಿತು.

ಹಾವರ್ತ್‌ನದು ಭಾನುವಾರದ ಶಾಲೆಯಾಗಿ ಆರಂಭವಾದುದಕ್ಕೂ ಕಾರಣವಿದೆ. ಉಣ್ಣೆ ಗಿರಣಿಗಳ ಆ ಊರಿನಲ್ಲಿ ದುಡಿಯುವ ಮಕ್ಕಳಿಗೆ ಬಿಡುವಿದ್ದುದು ಅದೊಂದೇ ದಿನ. ಷಾರ್ಲೆಟ್ ಮತ್ತು ಅವಳ ಒಡಹುಟ್ಟಿದವರು ಇಲ್ಲಿ ಪಾಠ ಹೇಳಿದರು. ಆ ಮಕ್ಕಳ ಬದುಕು ಎಷ್ಟು ಅಸ್ಥಿರವಾಗಿತ್ತೆಂಬುದನ್ನು ಬೆಂಜಮಿನ್ ಬ್ಯಾಬೇಜ್ ಅವರ 1850ರ ಆರೋಗ್ಯ ವರದಿ ತೋರಿಸುತ್ತದೆ. ಅದರ ಪ್ರಕಾರ ಊರಿನಲ್ಲಿ ಸತ್ತವರ ಸರಾಸರಿ ವಯಸ್ಸು ಸುಮಾರು 26. ಹುಟ್ಟಿದ ಮಕ್ಕಳಲ್ಲಿ ಶೇಕಡ 40ಕ್ಕೂ ಹೆಚ್ಚು ಆರು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದರು. ಕಲುಷಿತ ನೀರು ಮತ್ತು ಚರಂಡಿಯಿಲ್ಲದ ಬೀದಿಗಳು ಇದಕ್ಕೆ ಮುಖ್ಯ ಕಾರಣ. ಈ ತನಿಖೆಗಾಗಿ ಸರ್ಕಾರಕ್ಕೆ ಮನವಿ ಸಲ್ಲಿಸಿದವರಲ್ಲೂ ಪ್ಯಾಟ್ರಿಕ್ ಬ್ರಾಂಟೆ ಮುಂದಿದ್ದರು. ಅಕ್ಷರ ಕಲಿಸಿದರಷ್ಟೇ ಸಾಲದು, ಕಲಿತ ಮಗು ಬದುಕಿ ಉಳಿಯಲೂಬೇಕು ಎಂಬುದು ಅವರಿಗೆ ತಿಳಿದಿತ್ತು.

1854ರ ಜೂನ್ 29ರಂದು ಷಾರ್ಲೆಟ್ ತಂದೆಯ ಸಹಾಯಕ ಪಾದ್ರಿ ಆರ್ಥರ್ ಬೆಲ್ ನಿಕೋಲ್ಸ್ ಅವರನ್ನು ಮದುವೆಯಾದಳು. ಆ ಸಂತೋಷಕ್ಕೆ ಮುಂದೆ ಊರಿನವರಿಗೆ ಔತಣ ನಡೆದದ್ದೂ ಇದೇ ಶಾಲೆಯಲ್ಲಿ. ಒಂಬತ್ತು ತಿಂಗಳಲ್ಲಿ ಅವಳು ತೀರಿಕೊಂಡಳು.

ಚರ್ಚಿನ ಶಾಲೆಗಳು ಸಾಲದ ಕಡೆ ಸಾರ್ವಜನಿಕ ಶಾಲೆ ತೆರೆಯುವ ಶಾಸನ ಬಂದದ್ದು 1870ರಲ್ಲಿ. ಶಿಕ್ಷಣ ಕಡ್ಡಾಯವಾದದ್ದು 1880ರಲ್ಲಿ. ಅಲ್ಲಿಯವರೆಗೆ ಇಂಗ್ಲೆಂಡಿನ ಬಹುಪಾಲು ಬಡ ಮಕ್ಕಳಿಗೆ ಓದು ದಕ್ಕಿದ್ದು ಹೀಗೆ ವಂತಿಗೆಯಿಂದ ಎದ್ದ ಕೋಣೆಗಳಲ್ಲಿ. ಹಾವರ್ತ್‌ನ ಶಾಲೆ ಇಂದು ಸಭೆ ಸಮಾರಂಭಗಳ ತಾಣ. ಗೋಡೆಯ ಫಲಕದಲ್ಲಿ ಮಾತ್ರ ಊರವರ ವಂತಿಗೆಯ ಲೆಕ್ಕ ಇನ್ನೂ ಅಳಿಸಿಲ್ಲ.